ಆಮೇಲೆ ಎಂಬ ಗುಂಡಿ

ಸ್ಟೋ, ವೆಸ್ಟೆರೋಲೆನ್
ಮಾರ್ಚ್ ಒಂಬತ್ತು, ಸೋಮವಾರ

ಪ್ರೀತಿಯ ಮಗಳೇ ತಿರಿಲ್,

ಹೇಗಿದ್ದೀಯ? ಯಾನ್ ಮಾಯೆನ್ ದ್ವೀಪದ ನಿಮ್ಮ ಹವಾಮಾನ ಕೇಂದ್ರದಲ್ಲಿ ಗಾಳಿ ಮನುಷ್ಯರನ್ನೇ ಎತ್ತಿಕೊಂಡು ಹೋಗುತ್ತದಂತೆ, ಕಿವಿ ಮುಚ್ಚಿಕೊಂಡು ಓಡಾಡು. ಕೆಮ್ಮು ಪೂರ್ತಿ ಹೋಯಿತೇ? ನನ್ನ ಮಂಡಿನೋವು ಹಾಗೇ ಇದೆ, ಹೇಳಿಕೊಳ್ಳುವಂಥದ್ದೇನಿಲ್ಲ. ದೋಣಿ ಮುಳುಗಿದ ವಿಷಯ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಅವರ ಎದುರಿಗೆ ಹೇಗೆ ಹೇಳಲಿ? ಈಗ ದೋಣಿ ಕಟ್ಟುವ ಧಕ್ಕೆಗೆ ಹೋಗಿದ್ದಾರೆ, ಅದಕ್ಕೇ ಬರೆಯಲು ಕೂತೆ.

ದೋಣಿಯ ಚುಕ್ಕಾಣಿ ಕೋಣೆಯಲ್ಲಿದ್ದ ನಕ್ಷೆಯ ಯಂತ್ರ ನಿನಗೆ ಗೊತ್ತಲ್ಲ. ಹೋದ ವರ್ಷದ ಈಸ್ಟರ್‌ನಿಂದಲೂ ಅದು ಕೇಳುತ್ತಿತ್ತು: ಹೊಸ ಸಾಫ್ಟ್‌ವೇರ್ ಬಂದಿದೆ, ಈಗ ಹಾಕಿಕೊಳ್ಳಲೇ, ಆಮೇಲೆಯೇ? ದಿನಾ ಬೆಳಿಗ್ಗೆ ಅಪ್ಪನ ಹೆಬ್ಬೆರಳು ‘ಆಮೇಲೆ’ ಒತ್ತುತ್ತಿತ್ತು. ಬರೀ ಸೋಮಾರಿತನವಲ್ಲ, ಅವರ ಪರವಾಗಿ ಇಷ್ಟಾದರೂ ಹೇಳಬೇಕು. ಹಿಂದೊಮ್ಮೆ ಅಪ್‌ಡೇಟ್ ಹಾಕಿದಾಗ ನಿನ್ನ ಅಜ್ಜ ತೋರಿಸಿಕೊಟ್ಟಿದ್ದ ಮೀನಿನ ಜಾಗಗಳ ಗುರುತೆಲ್ಲ ಅಳಿಸಿಹೋಗಿತ್ತು. ಆವತ್ತು ಊಟ ಬಿಟ್ಟು ಕೂತಿದ್ದರು, ಪಾಪ. ಈಗ ಹಾಗಾಗುವುದಿಲ್ಲ, ಗುರುತುಗಳನ್ನು ಮೊದಲೇ ಒಂದು ಮೆಮೊರಿ ಕಾರ್ಡಿಗೆ ಇಳಿಸಿಕೊಳ್ಳಬಹುದು, ಕಾಫಿ ಕುಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ ಎಂದು ಮಾಗ್ನರ್ ಚಿಕ್ಕಪ್ಪ ಎಷ್ಟೋ ಸಲ ಹೇಳಿದ. ಅಪ್ಪನದು ಒಂದೇ ಮಾತು: “ನೆಟ್ಟಗೆ ನಡೀತಿರೋದನ್ನ ಯಾಕೋ ಕೆಣಕ್ತೀಯ? ಈ ಸಲದ ಮೀನು ಮುಗೀಲಿ, ನೋಡೋಣ.” ಚಿಕ್ಕಪ್ಪ ಬಿಡುವವನೇ? “ನೆಟ್ಟಗೆ ನಡೀತಿದೆ ಅಂತ ನಿಂಗೆ ಹೇಳಿದ್ಯಾರಣ್ಣ, ಆ ಯಂತ್ರಾನೇ?” ಎಂದು ರೇಗಿಸುತ್ತಿದ್ದ. ನಾವೆಲ್ಲ ನಗುತ್ತಿದ್ದೆವು.

ದೋಣಿ ಮುಳುಗಿದ ದಿನ ಅಪ್ಪ, ಚಿಕ್ಕಪ್ಪ ಇಬ್ಬರೂ ಕಾಡ್ ಮೀನು ತುಂಬಿಕೊಂಡು ವಾಪಸಾಗುವಾಗ ಹಿಮಗಾಳಿ ಕವಿದುಕೊಂಡಿತು. ದೋಣಿಯ ಮೂತಿಯೇ ಕಾಣದು. ಅಪ್ಪ ಪರದೆಯನ್ನೇ ನಂಬಿಕೊಂಡು ಬಂದರು. ಪರದೆಯಲ್ಲಿ ಬಂಡೆಗಳು ಇನ್ನೂ ದೂರದಲ್ಲಿದ್ದವು. ಅಷ್ಟರಲ್ಲಾಗಲೇ ಉಪಗ್ರಹದ ಸಂಪರ್ಕ ಕಡಿದುಹೋಗಿತ್ತು. ಅದನ್ನು ಕೂಗಿ ಹೇಳಬೇಕಾದ ಯಂತ್ರ, ಅಂದಾಜಿನ ಮೇಲೆ ದೋಣಿಯನ್ನು ಮುಂದೆ ಮುಂದೆ ಸರಿಸಿ ತೋರಿಸುತ್ತ ಹೋಯಿತು. ನೀರಿನ ಸೆಳೆತ ದೋಣಿಯನ್ನು ಪಕ್ಕಕ್ಕೆ ತಳ್ಳುತ್ತಿರುವುದು ಅದಕ್ಕೇನು ಗೊತ್ತು? ಬಂಡೆಗೆ ಬಡಿದ ರಭಸಕ್ಕೆ ಮೀನಿನ ಪೆಟ್ಟಿಗೆಗಳು ಜಾರಿ ಬಂದು ಚಿಕ್ಕಪ್ಪನ ಕಾಲನ್ನು ಜಜ್ಜಿದವು. ಅಪ್ಪ ಅವನನ್ನು ಎಳೆದು ಬಿಡಿಸಿಕೊಂಡು ರೇಡಿಯೋದಲ್ಲಿ ಕೂಗಿದರು. ಪಕ್ಕದ ಮನೆಯ ಒಡ್ವಾರ್ ದೋಣಿ ತಂದು ಇಬ್ಬರನ್ನೂ ಹತ್ತಿಸಿಕೊಂಡ. ನಮ್ಮ ದೋಣಿ ಅವರ ಕಣ್ಣೆದುರೇ ಹೋಯಿತು.

ವಿಚಾರಣೆಯ ಅಧಿಕಾರಿ ನಮ್ಮ ಅಡುಗೆಮನೆಯಲ್ಲೇ ಕೂತು ಮಾತಾಡಿದರು. ಒಳ್ಳೆಯ ಮನುಷ್ಯ. ಯಂತ್ರದ ಈ ದೋಷ ತಯಾರಿಸಿದವರಿಗೆ ಹೋದ ವರ್ಷವೇ ಗೊತ್ತಾಗಿ, ಸರಿಪಡಿಸಿ ಕಳಿಸಿದ್ದರಂತೆ. ಅಪ್ಪ ಮುಂದಕ್ಕೆ ಹಾಕುತ್ತಿದ್ದದ್ದು ಅದನ್ನೇ. ಅಪ್‌ಡೇಟ್ ಅಂದರೆ ಬಣ್ಣ ಬದಲಿಸಿ ನಮ್ಮನ್ನು ಗೋಳುಹೊಯ್ದುಕೊಳ್ಳುವುದು ಅಂದುಕೊಂಡಿದ್ದೆವು. ಯಾರೋ ಎಲ್ಲೋ ಕೂತು ನಮ್ಮ ಜೀವ ಉಳಿಸಲು ನೋಡುತ್ತಿದ್ದರು. ಯಂತ್ರ ನಿಮಗೆ ತಿಳಿಸಿತ್ತೇ ಎಂದು ಅಧಿಕಾರಿ ಕೇಳಿದರು. ಇಲ್ಲ ಅಂದಿದ್ದರೆ ನಡೆದುಹೋಗುತ್ತಿತ್ತೋ ಏನೋ, ಯಂತ್ರವೇ ಸಮುದ್ರದ ತಳದಲ್ಲಿದೆ. ಅಪ್ಪ ತಲೆ ಎತ್ತಿ, “ದಿನಾ ಕೇಳ್ತಿತ್ತು. ಆಮೇಲೆ ಅಂದವನು ನಾನು” ಅಂದರು.

ಈಗ ಅವರಿಗೆ ಇದೊಂದೇ ಕೆಲಸ. ಧಕ್ಕೆಯಲ್ಲಿ ದೋಣಿಯಿಂದ ದೋಣಿಗೆ ಹೋಗುತ್ತಾರೆ, ಮೊದಲು ಅವರವರ ಗುರುತುಗಳನ್ನು ಕಾರ್ಡಿಗೆ ಇಳಿಸಿಕೊಡುತ್ತಾರೆ, ಆಮೇಲೆ ಅಪ್‌ಡೇಟ್ ಮುಗಿಯುವವರೆಗೆ ಕದಲುವುದಿಲ್ಲ. “ಪಾದ್ರಿಗಳು ಬಂದ್ರು, ಪಾಪ ಒಪ್ಪಿಸ್ಕೊಳ್ರಪ್ಪ” ಎಂದು ಕೆಲವರು ಚುಡಾಯಿಸುತ್ತಾರೆ. ಅಪ್ಪ “ನೀನು ಒತ್ತು, ನಾನು ನಿಂತಿರ್ತೀನಿ” ಅನ್ನುತ್ತಾರೆ, ಅಷ್ಟೇ. ಸಂಜೆ ಚಿಕ್ಕಪ್ಪನ ಮನೆಗೆ ಹೋಗಿ ಒಲೆಗೆ ಸೌದೆ ಹಾಕಿ ಕೂರುತ್ತಾರೆ. ಅವನು ಫುಟ್‌ಬಾಲ್ ವಿಷಯ ಮಾತಾಡುತ್ತಾನೆ, ಇವರು ನೆಲ ನೋಡುತ್ತಾರೆ. ಅವನು ಒಂದು ಸಲ ಬೈದಿದ್ದರೆ ಇವರಿಗೆ ಎಷ್ಟೋ ಹಗುರಾಗುತ್ತಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಜೊತೆಯಲ್ಲಿರುವವರಿಗೆ ನನ್ನ ನಮಸ್ಕಾರ ಹೇಳು. ಎಲ್ಲಿದ್ದರೂ ದೇವರು ನಿನ್ನನ್ನು ಬೆಚ್ಚಗಿಡಲಿ.

ನಿನ್ನ ಅಮ್ಮ,
ಯೋರುನ್

ಕೊನೆಗೆ ಸೇರಿಸಿದ್ದು: ಲಕೋಟೆ ಅಂಟಿಸುವ ಹೊತ್ತಿಗೆ ಚಿಕ್ಕಪ್ಪ ಫೋನು ಮಾಡಿದ. ಗಾಯ ಕೀವಾಗಿದೆ, ಮುಂದಿನ ವಾರ ಕಾಲನ್ನು ಮೊಣಕಾಲಿನಿಂದ ಕೆಳಗೆ ಕತ್ತರಿಸಿ ತೆಗೆಯಬೇಕಂತೆ. ಅಪ್ಪನಿಗೆ ಇನ್ನೂ ಗೊತ್ತಿಲ್ಲ. “ನೀವು ಹೇಳ್ಬೇಡಿ ಅತ್ತಿಗೆ. ಭಾನುವಾರ ಊಟಕ್ಕೆ ಬರ್ತೀನಲ್ಲ, ನಾನೇ ಹೇಳ್ತೀನಿ. ಬೇರೆಯವರ ಬಾಯಲ್ಲಿ ಕೇಳಿದ್ರೆ ಅಣ್ಣ ತಡ್ಕೊಳಲ್ಲ” ಅಂದ. ಬುಧವಾರದ ವಿಮಾನಕ್ಕೆ ಈ ಕಾಗದ ಸೇರಿದರೆ ನಿನಗೆ ಸಮಯಕ್ಕೆ ಸಿಗುತ್ತದೆ. ಭಾನುವಾರ ಸಂಜೆ ಅಪ್ಪನಿಗೆ ಫೋನು ಮಾಡು ಮಗಳೇ. ಏನೂ ಕೇಳಬೇಡ. ಅವರು ಮಾತಾಡದಿದ್ದರೂ ಫೋನು ಇಡಬೇಡ.