ಒಡೆದು ಹೇಳುವ ಪರೀಕ್ಷೆ

ಮಾನ್ಯ ಕುಲಪತಿಗಳೇ,

ಕಳೆದ ತಿಂಗಳು ತಾವು ವಾಸ್ತುಶಿಲ್ಪ ವಿಭಾಗದ ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು 'ಹಿಂಸಾ ಪ್ರವೃತ್ತಿ'ಯ ಕಾರಣ ಕೊಟ್ಟು ವಿಶ್ವವಿದ್ಯಾಲಯದಿಂದ ಹೊರಹಾಕಿದ್ದೀರಿ. ಆ ಪ್ರವೃತ್ತಿಯನ್ನು ಅವಳಿಗೆ ಕಲಿಸಿದವನು ನಾನು. ಹತ್ತೊಂಬತ್ತು ವರ್ಷಗಳಿಂದ ಅದನ್ನೇ ಕಲಿಸುತ್ತಿದ್ದೇನೆ. ಒಮ್ಮೆ ಉತ್ತಮ ಬೋಧಕನೆಂಬ ಫಲಕವನ್ನೂ ಪಡೆದಿದ್ದೇನೆ. ಈ ಸಂಗತಿ ತಮ್ಮ ಆದೇಶದಲ್ಲಿಲ್ಲ. ಇದನ್ನೇ ಬರೆದು ಎರಡು ಪತ್ರ ಕಳಿಸಿದೆ. ಎರಡಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಮುಚ್ಚಿದ ಲಕೋಟೆಯಲ್ಲಿ ಓದಲಾಗದ್ದು ತೆರೆದ ಹಾಳೆಯಲ್ಲಿ ಓದಲು ಸುಲಭವಾಗಬಹುದು ಎಂದು ಇಲ್ಲಿ, ಪತ್ರಿಕೆಯಲ್ಲಿ, ಬರೆಯುತ್ತಿದ್ದೇನೆ.

ನಮ್ಮ ವಿಭಾಗದ ಪದ್ಧತಿಯೊಂದನ್ನು ಮೊದಲು ಹೇಳಬೇಕು. ಅವಧಿಯ ಕೊನೆಗೆ ನಮ್ಮಲ್ಲಿ ಜ್ಯೂರಿ ನಡೆಯುತ್ತದೆ. ವಿದ್ಯಾರ್ಥಿಗಳು ತಾವು ಮಾಡಿದ ಕಟ್ಟಡದ ಮಾದರಿಯನ್ನು ಮೇಜಿನ ಮೇಲಿಟ್ಟು ನಿಲ್ಲುತ್ತಾರೆ. ಮೇಷ್ಟ್ರುಗಳು ಎದುರು ಕೂತು ಪ್ರಶ್ನೆ ಕೇಳುತ್ತಾರೆ. ನಾನು ಕೆಲಸಕ್ಕೆ ಸೇರಿದ ವರ್ಷ ಒಬ್ಬ ಹುಡುಗ ಕೆತ್ತನೆಯ ಕಂಬಗಳಿದ್ದ ಮನೆಯೊಂದನ್ನು ತಂದಿದ್ದ. ಅವನ ಅಜ್ಜನ ಮನೆಯ ಕಂಬಗಳಂತೆ. ನಾನು ಸ್ಟೀಲ್ ಸ್ಕೇಲಿನಿಂದ ಆ ಕಂಬಗಳನ್ನು ಒಂದೊಂದಾಗಿ ಮುರಿದು, "ಈಗ ನೋಡು, ಒಡೆದು ಹೇಳಿದೆ" ಎಂದೆ. ಎಲ್ಲರೂ ನಕ್ಕರು. ಹುಡುಗನೂ ನಕ್ಕ. ನನ್ನ ಕೈಗೆ ಹಿತವಾಯಿತು. ಇದನ್ನು ಮುಚ್ಚಿಡಲಾರೆ, ತೆಳು ಹಲಗೆ ಮುರಿಯುವಾಗ ಬೆರಳಿಗೆ ತಾಗುವ ಆ ಸಣ್ಣ ಪ್ರತಿರೋಧ, ಆಮೇಲೆ ಅದು ಸೋಲುವುದು, ಇವೆರಡೂ ಹಿತವಾದವು. ನಾನು ಓದುವಾಗ ನನ್ನದನ್ನೂ ಒಬ್ಬರು ಮುರಿದಿದ್ದರು ನಿಜ. ಅದನ್ನು ಕಾರಣವಾಗಿ ಕೊಡುವ ವಯಸ್ಸು ನನಗೆ ದಾಟಿದೆ.

ಅಲ್ಲಿಂದ ಆ ನುಡಿಗಟ್ಟು ನಮ್ಮಲ್ಲಿ ಬೇರೆಯೇ ಅರ್ಥ ಪಡೆಯಿತು. ಜ್ಯೂರಿ ಮುಗಿದ ಸಂಜೆ ಕಾರಿಡಾರಿನಲ್ಲಿ ಮಕ್ಕಳು ಕೇಳಿಕೊಳ್ಳುತ್ತಿದ್ದರು: "ಇವತ್ತು ಎಷ್ಟು ಒಡೆದು ಹೇಳಿದ್ರು?" "ನಾಲ್ಕು ಒಡೆದ್ರು, ಒಂದು ತುಳಿದ್ರು." ಕೆಲವು ವರ್ಷಗಳ ಮೇಲೆ ನಾನೇ ಒಂದು ರಿಯಾಯಿತಿ ಸೇರಿಸಿದೆ. ತನ್ನ ಮಾದರಿಯನ್ನು ತಾನೇ ಒಡೆಯುವ ವಿದ್ಯಾರ್ಥಿ ಮೋಹ ಕಳೆದುಕೊಂಡಿದ್ದಾನೆ ಎಂದರ್ಥ; ಅವನು ಪಾಸು. ಒಡೆಯದವರನ್ನು ಇನ್ನೊಂದು ಅವಧಿ ಕೂರಿಸುತ್ತಿದ್ದೆವು. ಇದನ್ನು ನಾನು ಆಧುನಿಕತೆ ಎಂದು ಕರೆಯುತ್ತಿದ್ದೆ.

ಯಾರ ಮಾದರಿಗಳು ಒಡೆದವು ಎಂದು ತಾವು ಕೇಳಬಹುದು. ಕೇಳಿಲ್ಲ, ಆದರೂ ಹೇಳುತ್ತೇನೆ. ಅಪ್ಪನೋ ಅತ್ತೆಯೋ ಇದೇ ವೃತ್ತಿಯಲ್ಲಿದ್ದ ಮಕ್ಕಳು ಮೊದಲ ದಿನವೇ ಬಿಳಿ ಪೆಟ್ಟಿಗೆಯಂಥ ಮನೆ ಮಾಡಿಕೊಂಡು ಬರುತ್ತಿದ್ದರು. ಅದರಲ್ಲಿ ಒಡೆಯಲು ಏನೂ ಇರುತ್ತಿರಲಿಲ್ಲ. ಉಳಿದವರು ತಮಗೆ ಗೊತ್ತಿದ್ದ ಮನೆ ತರುತ್ತಿದ್ದರು: ಹತ್ತು ಜನ ಕೂತು ಉಣ್ಣುವ ಅಡುಗೆಮನೆ, ಕಣ್ಣು ಮಂಜಾದ ದೊಡ್ಡಪ್ಪ ತಡವಿಕೊಂಡು ಹೋಗಲು ಗೋಡೆಗುಂಟ ಕಟ್ಟಿದ ಕಟ್ಟೆ, ಬಾಣಂತಿಯ ಕೋಣೆಗೆ ಎರಡನೇ ಬಾಗಿಲು. ಒಡೆದದ್ದು ಅವನ್ನೇ. ಆಮೇಲೆ ನಾವೇ 'ಸಂಸ್ಕೃತಿ ಮತ್ತು ಒಳಗೊಳ್ಳುವಿಕೆ' ಎಂಬ ವಿಷಯದ ಮೇಲೆ ವಿಚಾರ ಸಂಕಿರಣ ನಡೆಸಿದೆವು. ಅದರ ಉದ್ಘಾಟನೆಗೆ ತಾವು ಬಂದಿದ್ದಿರಿ. ತಮಗೆ ನೆನಪಿರಲಿಕ್ಕಿಲ್ಲ, ಅಂಥವು ಬಹಳ ಇರುತ್ತವೆ.

ಇನ್ನು ಆ ದಿನ. ಜ್ಯೂರಿ ನಡೆದದ್ದು ತಾವು ಹೊಸದಾಗಿ ಕಟ್ಟಿಸಿದ ಸುಸ್ಥಿರತಾ ಕೇಂದ್ರದಲ್ಲಿ. ಗಾಜಿನ ಕಟ್ಟಡ; ಕಿಟಕಿ ತೆರೆಯುವುದಿಲ್ಲ, ಹಗಲಿಡೀ ಎಸಿ ಓಡಬೇಕು. ಗಾಲಿಕುರ್ಚಿಯವರಿಗಾಗಿ ಇಳಿಜಾರು ದಾರಿಯಿದೆ, ಅದನ್ನು ತಲುಪಲು ಮೂರು ಮೆಟ್ಟಿಲು ಹತ್ತಬೇಕು. ವಿಷಯ, 'ಕಟ್ಟುವವರಿಗೊಂದು ಮನೆ'. ಸುತ್ತ ಇಪ್ಪತ್ತೆರಡು ಬಿಳಿ ಮಾದರಿಗಳಿದ್ದವು, ಮೊಮ್ಮಕ್ಕಳ ಕಾಲಕ್ಕೂ ಕೊಳೆಯದ ಫೋಮ್ ಹಲಗೆಯವು, ಮೇಲೆ ಪ್ಲಾಸ್ಟಿಕ್ ಮರಗಳು. ನಡುವೆ ತಾವು ಹೊರಹಾಕಿದ ಹುಡುಗಿಯದು ಮಣ್ಣಿನದು. ಅವಳ ಅಪ್ಪ ಇದೇ ಕಟ್ಟಡಕ್ಕೆ ದುಡಿದ ಗಾರೆ ಮೇಸ್ತ್ರಿ. ಇದೇ ಕಟ್ಟಡದ ಪಾಯದಿಂದ ತೆಗೆದ ಮಣ್ಣು ತಂದು, ಬೆಂಕಿಪೊಟ್ಟಣದ ಒಳಗೂಡನ್ನು ಅಚ್ಚು ಮಾಡಿಕೊಂಡು, ಮೂರು ಸಾವಿರಕ್ಕೂ ಹೆಚ್ಚು ಇಟ್ಟಿಗೆ ಒಣಗಿಸಿ ಕಟ್ಟಿದ್ದಳು. ಸಹಪಾಠಿಗಳು ಅವಳನ್ನು ಇಟ್ಟಿಗೆ ಎಂದೇ ಕರೆಯುತ್ತಿದ್ದರು. "ಏ ಇಟ್ಟಿಗೆ, ನೀರು ಬಿದ್ರೆ ನಿನ್ನ ಮನೆ ಪಾಯಸ ಆಗುತ್ತೆ" ಎಂದು ಒಬ್ಬ ರೇಗಿಸಿದ್ದಕ್ಕೆ ಅವಳು, "ಆಗಲಿ ಬಿಡೋ, ಮತ್ತೆ ಕಟ್ಟಬಹುದು. ನಿನ್ನದನ್ನ ಹೂಳೋಕೂ ಆಗಲ್ಲ, ಸುಡೋಕೂ ಆಗಲ್ಲ" ಎಂದಿದ್ದಳು. ಸುಸ್ಥಿರತೆಯ ಬಗ್ಗೆ ಆ ಕಟ್ಟಡದಲ್ಲಿ ಅದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ.

ಹೊರಗಿನಿಂದ ಬಂದಿದ್ದ ಪರೀಕ್ಷಕಿ ಮಾದರಿಯ ಸುತ್ತ ಎರಡು ಸಲ ನಡೆದು, ಬಗ್ಗಿ ನೋಡಿ, "ತುಂಬ ಚೆನ್ನಾಗಿದೆಯಮ್ಮ. ಈ ಹಿಂದಿನ ಗೋಡೆ ಯಾಕೆ ಹೀಗಿದೆ, ಸ್ವಲ್ಪ ಒಡೆದು ಹೇಳು" ಎಂದರು.

ಅವಳು ಮಾದರಿಯ ಮೇಲೆ ಅಂಗೈಯಿಟ್ಟಳು. "ಒಡೀಲೇಬೇಕಾ ಮೇಡಂ?"

"ಹೂಂ ಮತ್ತೆ! ಒಡೆದು ಹೇಳದೆ ನಮಗೆ ಹೇಗೆ ಗೊತ್ತಾಗಬೇಕು?" ಎಂದು ಪರೀಕ್ಷಕಿ ನಕ್ಕರು.

ಅವಳು ನನ್ನತ್ತ ನೋಡಿದಳು. ಇಬ್ಬರ ಮಾತೂ ನನಗೆ ಅರ್ಥವಾಗಿತ್ತು. ಒಬ್ಬರು ವಿವರಿಸು ಎನ್ನುತ್ತಿದ್ದರು, ಇನ್ನೊಬ್ಬಳಿಗೆ ಮುರಿ ಎಂದು ಕೇಳಿಸುತ್ತಿತ್ತು. ಒಂದು ವಾಕ್ಯ ಸಾಕಿತ್ತು. ನಾನು ಸುಮ್ಮನಿದ್ದೆ. ಯಾಕೆಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಅವಳು ಒಡೆಯುತ್ತಾಳೋ ಇಲ್ಲವೋ ನೋಡಬೇಕೆನಿಸಿತ್ತು, ಅಷ್ಟೇ.

ಅವಳು ಚೀಲದಿಂದ ಮೇಸ್ತ್ರಿಯ ಸುತ್ತಿಗೆ ತೆಗೆದಳು. ನಮ್ಮ ಪದ್ಧತಿಗೆ ಒಂದೇಟು ಸಾಕು. ಮೊದಲನೆಯ ಏಟಿಗೆ ಚಾವಣಿ ಹೋಯಿತು. ಎರಡನೆಯದಕ್ಕೆ ಹಿಂದಿನ ಗೋಡೆ. ಅವಳು ನಿಲ್ಲಿಸಲಿಲ್ಲ. ಮಣ್ಣು ಪುಡಿಯಾಗಿ ಬರೀ ಮರದ ಹಲಗೆ ಉಳಿಯುವವರೆಗೂ ಹೊಡೆದು, ಆಮೇಲೆ ಪಕ್ಕದ ಮೇಜಿಗೆ ಹೋದಳು. "ಇದನ್ನೂ ಒಡೆದು ಹೇಳ್ಲಾ ಸಾರ್? ಇದನ್ನ? ಇದನ್ನ?" ಒಂದೊಂದು ಪ್ರಶ್ನೆಗೂ ಒಂದು ಬಿಳಿ ಮನೆ ನುಚ್ಚಾಯಿತು. ಒಂಬತ್ತನೆಯದಾದ ಮೇಲೆ ನಮ್ಮ ಮುಂದೆ ನಿಂತು ಗಾಜಿನ ಮೇಜಿಗೆ ಬೀಸಿದಳು. ಚೂರೊಂದು ಪರೀಕ್ಷಕಿಯ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿದು ಅವರು ಕುರುಡರಂತೆ ಕೈ ಚಾಚಿದರು. ಅಷ್ಟರಲ್ಲಿ ಇಬ್ಬರು ಕಾವಲುಗಾರರು ಹುಡುಗಿಯನ್ನು ಬೋರಲು ಕೆಡವಿದ್ದರು. ಒಬ್ಬ ಬೆನ್ನ ಮೇಲೆ ಮೊಣಕಾಲೂರಿದ, ಇನ್ನೊಬ್ಬ ಬಲಗೈ ತಿರುಚಿದ. ಒಣಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಸುತ್ತಿಗೆ ಆಗಲೇ ಕೈಯಿಂದ ಬಿದ್ದಿತ್ತು. ಆಮೇಲೂ ಅವರು ತಿರುಚಿದರು. ನನ್ನ ಸಹೋದ್ಯೋಗಿಯೊಬ್ಬರು "ಬಿಡಬೇಡಿ, ಬಿಡಬೇಡಿ" ಎಂದು ಕೂಗುತ್ತಿದ್ದರು. ನಾನು ಕುರ್ಚಿಯಿಂದ ಎದ್ದಿರಲಿಲ್ಲ.

ಹುಡುಗಿಯ ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿದೆ. ಪರೀಕ್ಷಕಿಗೆ ಏಳು ಹೊಲಿಗೆ. ಆಸ್ಪತ್ರೆಯಲ್ಲಿ ಅವರು, "ನಾನು ಕೇಳಿದ್ದು ಆ ಗೋಡೆ ಅಷ್ಟು ಸೊಗಸಾಗಿದೆ ಅಂತ ಸಾರ್. ನಿಮ್ಮ ಕಾಲೇಜಲ್ಲಿ ಭಾಷೆಗೇ ಏನೋ ಆಗಿದೆ" ಎಂದರು. ಹುಡುಗಿಯ ಮೇಲೆ ದೂರಿಲ್ಲವೆಂದು ತಮ್ಮ ವಿಚಾರಣಾ ಸಮಿತಿಗೆ ಬರೆದುಕೊಟ್ಟಿದ್ದಾರೆ. ಕಡತದಲ್ಲಿ ಆ ಕಾಗದವಿದೆ. ಆದೇಶದಲ್ಲಿ ಅದರ ಸುಳಿವಿಲ್ಲ.

ಅವಳ ಅಪ್ಪ ಮೇಸ್ತ್ರಿ ಕೆಲಸದಿಂದ ನೇರ ಆಸ್ಪತ್ರೆಗೆ ಬಂದಿದ್ದರು, ಪಾದಗಳ ಮೇಲೆ ಸಿಮೆಂಟು ಒಣಗಿತ್ತು. ನನ್ನ ಪಕ್ಕದಲ್ಲಿದ್ದ ಬೆಂಚು ಬಿಟ್ಟು ಎದುರಿಗೆ ನಿಂತರು.

"ಅವಳು ಮಾಡಿದ್ದು ತಪ್ಪು ಸಾರ್. ಬೇರೆಯವರ ಮಕ್ಕಳದ್ದೂ ಒಡೆದ್ಲು, ಆ ತಾಯಿಗೆ ರಕ್ತ ಬರಿಸಿದ್ಲು. ಮಗಳು ಅಂತ ಸುಳ್ಳು ಹೇಳಲ್ಲ. ಆದ್ರೆ ಒಂದು ಕೇಳ್ತೀನಿ. ನಾನೂ ಗೋಡೆ ಒಡೆಸ್ತೀನಿ. ಡೊಂಕಾಗಿದ್ರೆ, ಕಟ್ಟಿದವನು ಕಾಲಿಗೆ ಬಿದ್ರೂ ಒಡೆಸ್ತೀನಿ. ಅವಳ ಆ ಮನೆಗೆ ನಾನೇ ತೂಗುಗುಂಡು ಬಿಟ್ಟು ನೋಡಿದ್ದೆ. ಎಲ್ಲಿ ಡೊಂಕಿತ್ತು ಸಾರ್?"

"ಎಲ್ಲೂ ಇರಲಿಲ್ಲ" ಎಂದೆ.

"ಡೊಂಕಿಲ್ಲದ್ದನ್ನ ಒಡೆಯೋದು ಯಾವ ವಿದ್ಯೆ ಸಾರ್?"

ಇದಕ್ಕೆ ಉತ್ತರವಾಗಿ ನಾನು ಅನೇಕ ಉಪನ್ಯಾಸಗಳನ್ನು ಕೊಟ್ಟಿದ್ದೇನೆ. ಸಿಮೆಂಟಿನ ಕಾಲಿನ ಮನುಷ್ಯನೊಬ್ಬನ ಎದುರು ಹೇಳಬಹುದಾದದ್ದು ಅವುಗಳಲ್ಲಿ ಒಂದೂ ಇರಲಿಲ್ಲ.

ತಮ್ಮ ವಿಚಾರಣಾ ಸಮಿತಿ ನಿಘಂಟು ತರಿಸಿತು. 'ಒಡೆದು ಹೇಳು' ಎಂದರೆ 'ಸ್ಪಷ್ಟವಾಗಿ ಹೇಳು' ಎಂದು ಅದರಲ್ಲಿದೆ. ಆದ್ದರಿಂದ ವಿದ್ಯಾರ್ಥಿನಿಗೆ ಒಂದೋ ಭಾಷೆ ಬರುವುದಿಲ್ಲ, ಇಲ್ಲವೇ ದುರುದ್ದೇಶವಿತ್ತು ಎಂದು ಸಮಿತಿ ತೀರ್ಮಾನಿಸಿತು. ಎಂಥ ಶುದ್ಧ ವಿದ್ವತ್ತು! ವಿಭಾಗದಲ್ಲಿ ಆ ಮಾತಿಗೆ ಏನರ್ಥ ಎಂದು ಮೊದಲ ವರ್ಷದ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ನನ್ನನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: ಒಟ್ಟು ಎಷ್ಟು ಏಟು? ಲೆಕ್ಕವಿಡಲಿಲ್ಲ ಎಂದೆ. ಅವಳ ಏಟಿನದೂ ಇಲ್ಲ, ನನ್ನವುಗಳದೂ ಇಲ್ಲ ಎಂದೆ. ಮೊದಲರ್ಧವನ್ನಷ್ಟೇ ಬರೆದುಕೊಂಡರು. ಒಂದೇ ಕೆಲಸವನ್ನು ಮೇಜಿನ ಈಚೆಯಿಂದ ಮಾಡಿದರೆ ಬೋಧನೆ, ಆಚೆಯಿಂದ ಮಾಡಿದರೆ ಹಿಂಸೆಯೇ? ಕೈ ತಿರುಚಿದ್ದು ಯಾವ ಕಡೆಗೆ ಸೇರುತ್ತದೆ?

ಅವಳು ಮಾಡಿದ್ದನ್ನು ನಾನು ಸಮರ್ಥಿಸುತ್ತಿಲ್ಲ. ಒಂಬತ್ತು ಸಹಪಾಠಿಗಳ ಶ್ರಮ ಮಣ್ಣುಪಾಲಾಯಿತು, ಒಬ್ಬರ ಕಣ್ಣು ಕೂದಲೆಳೆಯಲ್ಲಿ ಉಳಿಯಿತು. ಅದಕ್ಕೆ ಅವಳು ಉತ್ತರ ಕೊಡಲಿ, ತರಗತಿಯೊಳಗೆ ಇದ್ದುಕೊಂಡೇ ಕೊಡಲಿ. ಮುಂದಿನ ಸೋಮವಾರ ಮೇಲ್ಮನವಿಯ ಕೊನೆಯ ದಿನ. ಅದು ದಾಟಿದರೆ ಅವಳು ಇನ್ನು ಯಾವ ಕಾಲೇಜಿನಲ್ಲೂ ಈ ವಿದ್ಯೆ ಓದುವಂತಿಲ್ಲ. ಮೇಸ್ತ್ರಿಯ ಮನೆಯಲ್ಲಿ ಮೇಲ್ಮನವಿ ಬರೆಯಬಲ್ಲ ಕೈ ಒಂದೇ ಇತ್ತು, ಅದು ಈಗ ಪ್ಲಾಸ್ಟರಿನಲ್ಲಿದೆ. ಆದ್ದರಿಂದ ಇದನ್ನೇ ಅವಳ ಮೇಲ್ಮನವಿಯೆಂದು ಸ್ವೀಕರಿಸಬೇಕು.

ಆದೇಶವನ್ನು ಹರಿದು ಹಾಕಬೇಡಿ. ಹರಿಯುವುದು, ಮುರಿಯುವುದು ನಮ್ಮಲ್ಲಿ ಸಾಕಷ್ಟಾಗಿದೆ. ದಿನಾಂಕ, ಮೊಹರು, ಸಹಿ ಇರುವಂತೆಯೇ ಇರಲಿ. 'ವಿದ್ಯಾರ್ಥಿನಿ' ಎಂದಿರುವಲ್ಲಿ 'ಪ್ರಾಧ್ಯಾಪಕ' ಎಂದು ತಿದ್ದಿ. ಕರ್ತೃಪದ ಬದಲಾದರೆ ಕ್ರಿಯಾಪದವನ್ನೂ ತಿದ್ದಬೇಕಾಗುತ್ತದೆ, ತಮ್ಮ ಗುಮಾಸ್ತರಿಗೆ ಸೂಚಿಸಿ. ಅಭ್ಯಾಸಬಲದಿಂದ ಅವರು 'ಒಡೆದರು' ಎಂದು ಗೌರವದ ಬಹುವಚನ ಹಾಕಿಯಾರು. ಬೇಡ. 'ಒಡೆದನು' ಎಂದೇ ಬರೆಯಲಿ.

ಇಂತಿ,
ಮೂರನೇ ವರ್ಷದ ಸ್ಟುಡಿಯೋದ ಮೇಷ್ಟ್ರು,
ಏಕವಚನದಲ್ಲಿ