ಎಲ್ಲರ ಬಾಯಲ್ಲೂ ಒಂದೇ ಮಾತು

ಭಾನುವಾರ, ಮಧ್ಯಾಹ್ನ

ಮಹಾರಾಜಶ್ರೀ ಅಕ್ಕನವರ ಪಾದಗಳಿಗೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕಿರಿಯ ಸೇವಕನೂ ನಿನ್ನ ಏಕೈಕ ತಮ್ಮನೂ ಆದ ನಾನು ಅಡ್ಡಬಿದ್ದು ಮಾಡುವ ವಿಜ್ಞಾಪನೆ.

ಬರೆಯುವುದು ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನಮ್ಮದು ಒಂದೇ ಕೋಣೆ. ಅಪ್ಪ ನಿದ್ದೆ ಬಂದವರಂತೆ ನಟಿಸಿ ಎಲ್ಲ ಕೇಳಿಸಿಕೊಳ್ಳುತ್ತಾರೆ.

ಅಪ್ಪನೂ ನಾನೂ ನಿಲ್ಲುವ ಬಣ್ಣದ ತೊಟ್ಟಿಗಳ ಕೋಣೆಯಲ್ಲಿ ಫ್ಯಾನು ಕೆಟ್ಟು ಯಾವ ಕಾಲವಾಯಿತೋ. ಹೊರಗೆ ಹೋಗಬೇಕಾದ ಹೊಗೆ ನಮ್ಮ ಎದೆಯಲ್ಲೇ ಬಾಡಿಗೆಗಿದೆ. ಹೇಳಿದರೆ ಕಷ್ಟ. ನಮ್ಮದು ತಿಂಗಳ ಗುತ್ತಿಗೆ. ಬೇಡವೆನ್ನಲು ಅವರು ಕಾರಣ ಕೊಡಬೇಕಿಲ್ಲ.

ಮೊನ್ನೆ ಮ್ಯಾನೇಜರು (ನಮ್ಮ ಬಾಯಲ್ಲಿ ಮೈಕಾಸುರ) ಎಲ್ಲರನ್ನೂ ಸೇರಿಸಿ, "ಇದು ನಿಮ್ಮದೇ ಮನೆ, ಮನಸ್ಸು ಬಿಚ್ಚಿ ಮಾತಾಡಿ" ಎಂದರು. ಹಿಂದಿನಿಂದ ಯಾರೋ ಪಾಪಿ, "ಫ್ಯಾನ್ ನಿಂತೋಗಿದೆ ಸಾರ್, ನಿಮ್ ಭಾಷಣ ಒಂದೇ ತಿರುಗ್ತಿರೋದು!" ಅಂದ. ಆ ಪಾಪಿಯ ಮೂಗು ನಿನ್ನ ಮೂಗಿನಂತೆಯೇ ಇದೆ.

ತಮ್ಮ ಭಾಷಣ ದಾಖಲಿಸಲು ಅವರು ಇಟ್ಟಿದ್ದ ಫೋನಿನಲ್ಲಿ ಈ ಮಾತೂ ದಾಖಲಾಗಿತ್ತು. ದನಿ ಯಾರದೆಂದು ಹಿಡಿಯಲು ಒಬ್ಬೊಬ್ಬರನ್ನೇ ಕರೆದು ಅದೇ ಮಾತನ್ನು ತಮ್ಮೆದುರೇ ಹೇಳಿಸಿದರು! ಇಂಥ ಭಾಗ್ಯ ಯಾವ ನೌಕರನಿಗಿದೆ ಅಕ್ಕ? ಇಸ್ತ್ರಿ ವಿಭಾಗದ ಚಿಕ್ಕಮ್ಮ ಹೇಳಿ ಮುಗಿಸಿ, "ಸರಿಯಾಗ್ ಕೇಳಿಸ್ತಾ ಸಾರ್? ಇನ್ನೊಂದ್ಸಲ ಹೇಳ್ಲಾ?" ಅಂದರಂತೆ. ಬಾಯ್ಲರ್ ಮಾವ ಕೂಗಿದ್ದು ಗೇಟಿಗೇ ಕೇಳಿಸಿತು. ನಾನು ಕೈಕಟ್ಟಿ, ಪದ್ಯ ಒಪ್ಪಿಸುವ ಮಗುವಿನಂತೆ ಉಲಿದೆ. ಎಲ್ಲರಿಗೂ ಗೊತ್ತಿತ್ತು, ಒಬ್ಬರೂ ನನ್ನ ಹೆಸರೆತ್ತಲಿಲ್ಲ. ನನ್ನ ಕೆಲಸ ಉಳಿಯಿತು.

ಆದರೆ ಅಂದಿನಿಂದ ನಮ್ಮ ಮನೆಯ ಕೋಣೆಯಲ್ಲಿ ನಗುವಿಲ್ಲ. ನನಗೂ ತಮಾಷೆ ಬರುತ್ತಿಲ್ಲ. ಇಷ್ಟನ್ನೂ ಹಲ್ಲು ಕಚ್ಚಿ ಬರೆದೆ.

ನಿನಗೂ ಭಾವನಿಗೂ ಪುಟ್ಟಿಗೂ ಈ ಅಯೋಗ್ಯನ ಆಶೀರ್ವಾದ: ನಿಮ್ಮ ಮನೆಯ ಫ್ಯಾನುಗಳು ಸದಾ ತಿರುಗಲಿ.

ಇಂತಿ,
ನಿನ್ನ ತರಲೆ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಅಪ್ಪನನ್ನೂ ಕರೆದಿದ್ದರು. "ಫ್ಯಾನ್" ಅನ್ನುವಷ್ಟರಲ್ಲಿ ಕೆಮ್ಮು ಹಿಡಿಯಿತು. ಮುಂದಿನ ಮಾತು ಬರಲೇ ಇಲ್ಲ. ದನಿ ಇವರದಲ್ಲವೆಂದು ಖಾತ್ರಿಯಾಯಿತು; ಕೆಲಸಕ್ಕೆ ಮೈ ಸರಿಯಿಲ್ಲವೆಂದು ಅವತ್ತೇ ತೆಗೆದುಹಾಕಿದರು.

"ಈ ಕೆಮ್ಮು ಕೊಟ್ಟಿದ್ದೇ ಅವರ ಕೋಣೆ ಅಂತ ಹೋಗಿ ಹೇಳ್ತೀನಪ್ಪ" ಅಂದೆ.

"ಬಾಯ್ ಮುಚ್ಕೊಂಡು ಕೆಲಸಕ್ಕೆ ಹೋಗು. ಈಗ ಇರೋದು ನಿಂದೊಂದೇ ಸಂಬಳ" ಅಂದರು, ಕೆಮ್ಮುತ್ತಲೇ.

ನಾಳೆಯಿಂದ ಅಪ್ಪನ ತೊಟ್ಟಿಗೂ ನಾನೇ. ಬಾಯಿ ತೆರೆದರೆ ಕೆಲಸ ಹೋಗುತ್ತದೆ. ಮುಚ್ಚಿದರೂ ಮೂಗು ತೆರೆದೇ ಇರುತ್ತದಲ್ಲ, ಏನು ಮಾಡಲಿ ಅಕ್ಕ?