ನಡುವಿನ ದಪ್ಪ ಎಲೆ

ಅವ್ವಾ,

ಈ ಕಾಗದವನ್ನು ಯಾರ ಕೈಲಿ ಓದಿಸಿಕೊಳ್ಳುತ್ತೀಯೋ ಗೊತ್ತಿಲ್ಲ. ನಿನಗೆ ಕನ್ನಡ ಆಡಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ಮದುವೆಯಾಗುವ ತನಕ ನನಗೂ ಬರುತ್ತಿರಲಿಲ್ಲ, ಕೊಳ್ಳೇಗಾಲದ ನಿನ್ನ ಅಳಿಯ ಕಲಿಸಿದ್ದು. ನಿಮ್ಮ ಮನೆಯಲ್ಲಿ ಲೆಕ್ಕ ತಮಿಳಿನಲ್ಲಿ, ಜಗಳ ಕನ್ನಡದಲ್ಲಿ ಎಂದು ಅವರು ಆಡಿಕೊಳ್ಳುತ್ತಿದ್ದುದು ನೆನಪಿದೆಯಲ್ಲ? ಅಪ್ಪ ಪಕ್ಕದಲ್ಲೇ ಇದ್ದರೂ ಪ್ರಯೋಜನವಿಲ್ಲ, ಅವರದೂ ನಿನ್ನ ಪಾಡೇ. ಯಾರಾದರೂ ಮೇಷ್ಟ್ರು ಅಲ್ಲಿಗೂ ಬಂದಿರುತ್ತಾರೆ, ಹಿಡಿದು ಓದಿಸಿಕೋ. ನಿನ್ನನ್ನು ಕೇಳಬೇಕಾದ್ದಿದೆ.

ಬೇಸಗೆ ಮುಗಿಯುವ ಹೊತ್ತಿಗೆ ನಮ್ಮ ಬನಿಯನ್ ಕಂಪನಿಗೆ ಹೊರದೇಶದಿಂದ ಒಂದು ವಿಚಿತ್ರ ಆರ್ಡರು ಬಂತು. ಬನಿಯನ್ನೂ ಅಲ್ಲ, ಟೀಶರ್ಟೂ ಅಲ್ಲ. ಬಟ್ಟೆಯ ಎಲೆಗಳು, ಬಟ್ಟೆಯ ಕುಂಬಳಕಾಯಿಗಳು! ಎಲ್ಲವೂ ಇಟ್ಟಿಗೆ ಬಣ್ಣ, ಸಾಸಿವೆ ಬಣ್ಣ, ತುಕ್ಕಿನ ಬಣ್ಣ. ಆ ದೇಶದಲ್ಲಿ ಈ ಕಾಲಕ್ಕೆ ಮರದ ಎಲೆಗಳೆಲ್ಲ ಕೆಂಪಾಗಿ ಉದುರುತ್ತವಂತೆ, ಜನ ಅದರ ಹಾಗೆಯೇ ಬಟ್ಟೆಯಲ್ಲಿ ಹೊಲಿದು ಮನೆಯ ಬಾಗಿಲಿಗೆ ತೂಗುಹಾಕುತ್ತಾರಂತೆ. ಸೂಪರ್‌ವೈಸರ್ ಇದನ್ನು ಹೇಳುತ್ತಿದ್ದರೆ ನನಗೆ ನಿನ್ನ ದನಿಯೇ ಕೇಳಿಸುತ್ತಿತ್ತು. ಉದುರಿದ ಎಲೆಯನ್ನು ಯಾರಾದರೂ ಬಾಗಿಲಿಗೆ ಕಟ್ಟುತ್ತಾರಾ, ಗುಡಿಸಿ ಆಚೆ ಹಾಕುತ್ತಾರೆ ಎನ್ನುತ್ತಿದ್ದೆ ತಾನೆ? ಕುಂಬಳಕಾಯಿಯ ಕತೆ ಇನ್ನೂ ಚೆನ್ನ. ಆಯುಧಪೂಜೆಗೆ ನಾವು ಕಂಪನಿ ಬಾಗಿಲಲ್ಲಿ ಒಡೆಯುವುದನ್ನು ಅವರು ಹೊಲಿದು ಮೇಜಿನ ಮೇಲೆ ಕೂರಿಸುತ್ತಾರೆ. ನೀನಿದ್ದಿದ್ದರೆ ಒಂದನ್ನು ನೆಲಕ್ಕೆ ಬಡಿದು ನೋಡದೆ ಬಿಡುತ್ತಿರಲಿಲ್ಲ.

ಆ ಎಲೆಗಳು ಚೆಕಿಂಗ್ ಮೇಜಿಗೆ ಬಂದಾಗ ನಮ್ಮ ತೋರಣ ನೆನಪಾಯಿತು. ಉಡುಮಲೈಪೇಟೆ ಕಡೆಯ ಊರಿನಲ್ಲಿ ಅಪ್ಪ ಮಗ್ಗ ಮಾರಿ, ನಾವು ತಿರುಪ್ಪೂರಿಗೆ ಬಂದ ವರ್ಷದ ನವರಾತ್ರಿ. ಸಾಲುಮನೆಯಲ್ಲಿ ನಮ್ಮದು ಕೊನೆಯದು, ಕಣ್ಣಿಗೆ ಕಾಣುವಷ್ಟು ದೂರ ಒಂದು ಮಾವಿನ ಮರವಿಲ್ಲ. ಸಂತೆಯಿಂದ ತಂದ ಸೊಪ್ಪು ಮರುದಿನವೇ ಬಾಡಿತು. ನೀನು ಮೂಗು ಮುರಿದು, ಕಂಪನಿಯಿಂದ ಮೂಟೆಯಲ್ಲಿ ಬರುವ ಕಟಿಂಗ್ ವೇಸ್ಟನ್ನು ನೆಲಕ್ಕೆ ಸುರಿದುಕೊಂಡು ಕೂತೆ. ಎರಡು ತುಂಡು ಮಾವಿನೆಲೆಯ ಹಾಗೆ ಕತ್ತರಿಸು, ಒಳಮೈ ಹೊರಗೆ ಬರುವಂತೆ ಜೋಡಿಸಿ ಸುತ್ತ ಹೊಲಿ, ತೊಟ್ಟಿನ ಕಡೆ ಬೆರಳು ಹೋಗುವಷ್ಟು ಬಾಯಿ ಬಿಡು, ಪೆನ್ಸಿಲ್ಲಿನ ಹಿಂಬದಿಯಿಂದ ತಿರುಗಿಸು, ಒಂದು ಚಿಟಿಕೆ ಹತ್ತಿ ತುಂಬು, ಮುಚ್ಚು, ನಡುವೆ ನರ ಎಳೆ. ಬನಿಯನ್ ಬಟ್ಟೆಯ ಪಟ್ಟಿಯನ್ನು ಜಗ್ಗಿದರೆ ತಾನಾಗಿ ಸುರುಳಿಯಾಗಿ ಹುರಿಯಾಗುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ. ತೋರಣಕ್ಕೆ ಹಗ್ಗವೂ ಪುಕ್ಕಟೆ.

ಅವತ್ತು ನಾನೂ ಒಂದು ಎಲೆ ಹೊಲಿದಿದ್ದೆ. ಎರಡನೇ ಕ್ಲಾಸಿನ ಹುಡುಗಿ, ಕೆಂಪು ದಾರ. ನೀನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಎಲೆಯಾ ಸಾಮಿ, ವಡೆಯಾ?" ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ತೋರಣ ಕಟ್ಟಿದಾಗ ಬಾಗಿಲ ಕೆಳಗೆ ನಿಂತು ಕತ್ತೆತ್ತಿ ಹುಡುಕಿದೆ, ನನ್ನ ಎಲೆ ಇರಲಿಲ್ಲ. ಕೇಳಿದರೆ ನೀನು ಎಂದಿನ ಮುದ್ದಿನಲ್ಲಿ, "ಅಲ್ಲೇ ಐತೆ ಕಣ್ಣು, ಹುಡುಕು" ಅಂದೆ. ಹುಡುಕಿದೆ. ಮರುವರ್ಷವೂ ಹುಡುಕಿದೆ. ಆಮೇಲೆ ಒಲೆಗೆ ಹೋಗಿರಬೇಕು ಅಂದುಕೊಂಡು ಬಿಟ್ಟೆ. ಸೂಜಿಯನ್ನೂ ಬಿಟ್ಟೆ. ಈಗ ನಾನು ಮಾಡುವ ಕೆಲಸ ನೋಡು, ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕಿ ಅದರ ಮೇಲೆ ಬಾಣದ ಸ್ಟಿಕ್ಕರ್ ಅಂಟಿಸುವುದು!

ಪ್ರತಿ ವರ್ಷ ಎಲೆಗಳೆಲ್ಲ ಹೊಸದಾಗುತ್ತಿದ್ದವು, ನಡುವಿನದೊಂದನ್ನು ಬಿಟ್ಟು. ಅದು ಬೋಂಡಾದ ಹಾಗೆ ದಪ್ಪ. ಅದರ ಮೇಲುಬಟ್ಟೆ ಹರಿದರೆ ನೀನು ಬಿಸಾಡದೆ ಅದರ ಮೇಲೇ ಇನ್ನೊಂದು ಹೊದಿಕೆ ಹೊಲಿಯುತ್ತಿದ್ದೆ. ಯಾಕೆ ಎಂದರೆ ನೇಕಾರರ ಮಾತು ಹೇಳುತ್ತಿದ್ದೆ: ಮಗ್ಗವನ್ನು ಬರಿದು ಬಿಡಬಾರದು. ಸೀರೆ ಮುಗಿದು ಕತ್ತರಿಸಿದರೂ ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಗಳನ್ನು ಮಗ್ಗದಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೇ ಗಂಟು ಹಾಕಬೇಕು. ಅಪ್ಪ ಹಾಗೇ ಮಾಡುತ್ತಿದ್ದರು, ನಾನು ಕಂಡಿದ್ದೇನೆ. ಮಗ್ಗ ಮಾರಿದ ಮೇಲೂ ಆ ಶಾಸ್ತ್ರವನ್ನು ನೀನು ಒಂದು ಎಲೆಯಲ್ಲಿ ನಡೆಸಿಕೊಂಡು ಬಂದೆ ಎಂದು ನಾನು ತಿಳಿದಿದ್ದೆ. ಒಳಗೆ ಏನಿದೆ ಎಂದು ಯಾವತ್ತೂ ಕೇಳಲಿಲ್ಲ. ಯಾಕೆ ಕೇಳಲಿಲ್ಲವೋ ಕಾಣೆ.

ನೀನು ತೀರಿಕೊಂಡ ವರ್ಷ ಸೂತಕದ ಮನೆಯೆಂದು ಹಬ್ಬ ಮಾಡಲಿಲ್ಲ. ಈ ಪುರಟ್ಟಾಸಿ ತಿಂಗಳ ನವರಾತ್ರಿಗೆ ಮತ್ತೆ ಬಾಗಿಲಿಗೆ ತೋರಣ ಏರಬೇಕಿತ್ತು. ಏರಿಸುವುದು ಯಾರು? ನಿನ್ನ ಅಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಳ್ಳೆಯ ಪ್ಲಾಸ್ಟಿಕ್ ತೋರಣ ಸಿಗುತ್ತದೆ ಅಂದರು. ಅವರ ತಪ್ಪಲ್ಲ. ನನ್ನ ಕೈ ಸೂಜಿಗೆ ಒಗ್ಗದು ಎಂದು ನಾನೇ ಮನೆ ತುಂಬ ಸಾರಿಕೊಂಡು ಬಂದವಳು. ಆದರೂ, ನೀನು ಅಷ್ಟು ವರ್ಷ ಬರಿದಾಗಲು ಬಿಡದ್ದು ನನ್ನ ಕಾಲಕ್ಕೆ ಬಂದು ಬರಿದಾಗುವುದೇ? ಭಾನುವಾರ ಮಧ್ಯಾಹ್ನ ನಿನ್ನ ತಗಡಿನ ಡಬ್ಬಿ ಇಳಿಸಿದೆ. ದಪ್ಪ ಎಲೆಯ ಹೊದಿಕೆಯನ್ನು ಇಲಿ ಕಡಿದಿತ್ತು, ಒಂದು ಮೂಲೆಯಲ್ಲಿ ಒಳಗಿನ ಬಣ್ಣ ಇಣುಕುತ್ತಿತ್ತು.

ಕವಿತಾ ಅದನ್ನು ಕೈಯಲ್ಲಿ ತೂಗಿ ನೋಡಿ, ಅಜ್ಜಿ ಒಳಗೆ ಚಿನ್ನದ ಕಾಸು ಇಟ್ಟಿರಬೇಕು ಅಂದಳು. ಕಾಲೇಜು ಮುಗಿಸಿದರೂ ನಿನ್ನ ಮೊಮ್ಮಗಳಿಗೆ ಕಾಸಿನದೇ ಕನಸು. ನನಗೆ ಅರಿಸಿನ ಕೊಂಬು ಇರಬಹುದು ಅನಿಸಿತು, ಇಲ್ಲವೇ ಅಪ್ಪನ ಮಗ್ಗದ ಕೊನೆಯ ಎಳೆಗಳು. ಬಿಚ್ಚಬಹುದೋ ಬಾರದೋ ತಿಳಿಯದೆ ಉಡುಮಲೈಪೇಟೆಗೆ, ದೊಡ್ಡವ್ವನಿಗೆ ಫೋನು ಮಾಡಿದೆ. ನಿನ್ನ ಅಕ್ಕನಿಗೇ ಗೊತ್ತಿಲ್ಲದ್ದು ಇರುತ್ತದೆಯೇ ಎಂದುಕೊಂಡಿದ್ದೆ. ಇತ್ತು! ಅವಳೂ ಕೇಳಿ ಕೇಳಿ ಸೋತಿದ್ದಳಂತೆ.

"ಕತ್ರಿ ಹಾಕ್ಬೇಡ ಕಣ್ಣು, ಬಿಚ್ಚು," ಅಂದಳು. "ಸಿಕ್ಕದ್ದು ಏನಂತ ಮೊದ್ಲು ನಂಗೆ ಹೇಳು."

ಬಾಗಿಲ ಬೆಳಕಿಗೆ ಕೂತು ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿದೆ. ನಿನ್ನ ಹೊಲಿಗೆ ಎಂಥ ಸಣ್ಣದು ಅವ್ವಾ, ಕಣ್ಣು ನೀರಾಡಿತು. ಮೇಲಿನದು ನೀನು ಕೊನೆಗೆ ಹೊಲಿದ ಹಸಿರು. ಅದರ ಕೆಳಗೆ ಕವಿತಾಳ ಮೊದಲ ಫ್ರಾಕಿನ ಗುಲಾಬಿ. ಅದರ ಕೆಳಗೆ ನನ್ನ ಮದುವೆಯ ವರ್ಷ ಊರೆಲ್ಲ ಹೊಲಿಯುತ್ತಿದ್ದ ನೀಲಿ ಬನಿಯನ್ ಬಟ್ಟೆ. ಅಪ್ಪನ ಲುಂಗಿಯ ಚೌಕಳಿ. ನನ್ನ ಸ್ಕೂಲು ಯೂನಿಫಾರಂ. ಒಂದು ಹೊದಿಕೆ ತೆಗೆದಾಗಲೆಲ್ಲ ಕವಿತಾ ಅದು ಯಾವ ಕಾಲದ್ದೆಂದು ಕೇಳುವಳು, ನಾನು ಹೇಳುವೆನು. ಕೊನೆಗೆ ಕಾಸಿನ ಆಸೆ ಮರೆತು ಅವಳು ಬರೀ ಕತೆ ಕೇಳುತ್ತ ಕೂತಳು.

ಎಲ್ಲಕ್ಕಿಂತ ಒಳಗೆ ಅಪ್ಪ ನೇಯ್ದ ಅರಿಸಿನ ಬಣ್ಣದ ಸೀರೆಯ ಒರಟು ತುಂಡು. ಉರುಟುರುಟಾಗಿ, ಒಂದು ಕಡೆ ಚೂಪು. ಸುತ್ತ ಕೆಂಪು ದಾರ, ಉದ್ದುದ್ದ, ಸೊಟ್ಟಸೊಟ್ಟ. ಹೊಲಿದ ಮೇಲೆ ಒಳಹೊರಗು ತಿರುಗಿಸುವುದನ್ನೇ ಮರೆತು ಅಂಚಿನ ನೂಲೆಲ್ಲ ಹೊರಗೆ ನಿಂತಿತ್ತು. ನನ್ನ ಮೇಜಿಗೆ ಬಂದಿದ್ದರೆ ಸ್ಟಿಕ್ಕರ್ ಅಂಟಿಸಲು ಜಾಗ ಸಾಲುತ್ತಿರಲಿಲ್ಲ. ನೀನು ಮಾತ್ರ ಅದರಲ್ಲಿ ಒಂದು ಹೊಲಿಗೆಯನ್ನೂ ತಿದ್ದಿರಲಿಲ್ಲ. ಬೆಳಕಿಗೆ ಹಿಡಿದು ಹಿಡಿದು ನೋಡಿದೆ. ಅಷ್ಟು ಹೊದಿಕೆಗಳಲ್ಲಿ ನಿನ್ನ ಸೂಜಿ ಒಮ್ಮೆಯೂ ನನ್ನ ಎಲೆಯನ್ನು ಚುಚ್ಚಿರಲಿಲ್ಲ.

ಅಲ್ಲೇ ಐತೆ ಅಂದಿದ್ದೆ ನೀನು. ನಿಜವನ್ನೇ ಹೇಳಿದ್ದೆ. ಮತ್ತೆ, ಒಳಗಿದೆ ಎಂದು ಇನ್ನೊಂದು ಮಾತು ಸೇರಿಸಿದ್ದರೆ ಏನು ಹೋಗುತ್ತಿತ್ತು? ನಾನೇ ಒಂದು ದಿನ ಕೈ ಹಾಕಿ ತೆಗೆಯಲಿ ಎಂದು ಕಾದೆಯಾ? ಪ್ರತಿ ಸಲ ಹೊಸ ಹೊದಿಕೆ ಹೊಲಿಯುವಾಗ ನನ್ನ ಕಡೆ ನೋಡುತ್ತಿದ್ದೆ ಅನಿಸುತ್ತದೆ, ಅಥವಾ ಈಗ ನಾನೇ ಹಾಗೆ... ಗೊತ್ತಿಲ್ಲ. ಕೇಳಬೇಕಾದ್ದಿದೆ ಅಂದೆನಲ್ಲ, ಇದೇ ಅದು. ಮೇಷ್ಟ್ರಿಗೆ ಇಲ್ಲಿ ನಿಧಾನವಾಗಿ ಓದಲು ಹೇಳು.

ದೊಡ್ಡವ್ವನಿಗೆ ಹೇಳಿದೆ. ನಿಮ್ಮವ್ವ ಕಳ್ಳಿ ಅಂದಳು. ಹೊದಿಕೆಗಳನ್ನೆಲ್ಲ ಇದ್ದ ಕ್ರಮದಲ್ಲೇ ಮತ್ತೆ ತೊಡಿಸಿದೆ. ಮೇಲಿನದಕ್ಕೆ ಸೂಪರ್‌ವೈಸರನ್ನು ಕೇಳಿ, ಆ ಎಲೆಯ ಆರ್ಡರಿನ ಕಟಿಂಗ್ ವೇಸ್ಟಿನಿಂದ ಒಂದು ಹಿಡಿ ತಂದಿದ್ದೆ. ಉದುರುವ ಎಲೆಯ ತುಕ್ಕು ಬಣ್ಣ. ಹಬ್ಬದ ಬಾಗಿಲಿಗೆ ಹಣ್ಣೆಲೆಯಾ ಎಂದು ನೀನು ಬೈಯುತ್ತೀ. ಆದರೆ ಆ ದೇಶದವರು ಉದುರಿದ್ದನ್ನು ಯಾಕೆ ಬಾಗಿಲಿಗೆ ಕಟ್ಟುತ್ತಾರೆಂದು ನನಗೀಗ ಸ್ವಲ್ಪ ಅರ್ಥವಾದ ಹಾಗಿದೆ. ಅಕ್ಕಪಕ್ಕದ ಹಸಿರೆಲೆಗಳು ಕವಿತಾಳವು, ಹುಡುಗಿಗೆ ನಿನ್ನ ಕೈಯೇ ಬಂದಿದೆ.

ತುಕ್ಕು ಬಣ್ಣದ ಹೊದಿಕೆ ಮಾತ್ರ ನಾನೇ ಹೊಲಿದೆ, ಕೆಂಪು ದಾರದಲ್ಲಿ. ಒಂದು ಕಡೆ ಸುಕ್ಕಾಗಿದೆ, ತುದಿ ಬಲಕ್ಕೆ ವಾಲಿದೆ. ಕವಿತಾ ನೋಡಿ, "ಇದೇನಮ್ಮ, ಬಿಚ್ಚಿ ಸರಿಯಾಗಿ ಹೊಲಿದು ಕೊಡ್ಲಾ?" ಅಂದಳು.

ಬೇಡ ಅಂದೆ. ಹಾಗೇ ಕಟ್ಟಿದ್ದೇನೆ ಅವ್ವಾ, ನಡುವಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ.

ನಿನ್ನ ಮಗಳು